ಮೇಲಿನ ಸಾಲು

ಶಾಲಾ ಮಕ್ಕಳ ಯೂನಿಫಾರಂ ಹೊಲಿಯುತ್ತಿದ್ದ ಆಕೆ ಇಡೀ ಬೀದಿಗೆ ಟೈಲರಮ್ಮ. ಮದುವೆಗೆ ಮೊದಲಿನಿಂದಲೂ ಆಕೆಗೆ ಇನ್ನೊಂದು ಕೆಲಸವಿತ್ತು. ತಾವೇ ಹಾಡು ಕಟ್ಟಿ ತಾವೇ ಹಾಡಿ ಹೆಸರಾಗಿದ್ದ ಗಾಯಕಿಯೊಬ್ಬರ ಹಿಂದೆ ನಿಂತು ದನಿಗೂಡಿಸುವುದು. ಆ ಗಾಯಕಿಯನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಟೈಲರಮ್ಮನ ಹೆರಿಗೆಯಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ಕಾದು ಕೂತವರೂ ಅವರೇ. "ನೀನು ಅವರ ನೆರಳೇ ಬಿಡು" ಎಂದು ಯಾರಾದರೂ ಅಂದರೆ ಟೈಲರಮ್ಮನ ಗಂಡ, "ನೆರಳಾದ್ರೂ ಮಧ್ಯಾಹ್ನ ರೆಸ್ಟ್ ತಗೊಳ್ಳುತ್ತೆ" ಎಂದು ನಗುತ್ತಿದ್ದ.

ಬಹಳ ವರ್ಷ ಸುಮ್ಮನಿದ್ದ ದೊಡ್ಡಕ್ಕ ವಯಸ್ಸಾದ ಮೇಲೆ ಹೊಸ ಆಲ್ಬಂಗೆ ಕೈಹಾಕಿದರು. ಸ್ಟುಡಿಯೋದಲ್ಲಿ ಉಳಿದ ಹಾಡುಗಳೆಲ್ಲ ಸಲೀಸಾಗಿ ಮುಗಿದವು. ಆದರೆ ತೀರಿಕೊಂಡ ತಂಗಿಯ ಮೇಲೆ ಕಟ್ಟಿದ ಹಾಡಿನಲ್ಲಿ, ಸ್ವರ ಮೇಲೇರುವ ಒಂದೇ ಒಂದು ಸಾಲಿಗೆ ಗಂಟಲು ಒಡೆಯಿತು. ಎಷ್ಟು ಸಲ ಹಾಡಿದರೂ ಅಷ್ಟೇ. ಕೊನೆಗೆ ಸುಸ್ತಾಗಿ ಮನೆಗೆ ಹೋದರು.

ಮರುದಿನ ರೆಕಾರ್ಡಿಂಗ್ ಮಾಡುವವನು ಟೈಲರಮ್ಮನನ್ನು ಕರೆಸಿದ.

"ಆ ಸಾಲೊಂದನ್ನ ನೀವು ಹಾಡಿಬಿಡಿ. ಇಬ್ಬರ ದನಿಯೂ ಒಂದೇ ಅಚ್ಚು, ಯಾರಿಗೂ ಗೊತ್ತಾಗಲ್ಲ."

"ಅವರಿಗೆ ಹೇಳ್ದೆನಾ? ತಪ್ಪಲ್ವಾ?"

"ಅವರ ಮರ್ಯಾದೆ ಉಳಿಸೋದು ತಪ್ಪಾ?"

ಆಕೆ ಹಾಡಿದಳು. ಎಷ್ಟು ಚೆನ್ನಾಗಿ ಬಂತೆಂದರೆ ಆಕೆಗೇ ಮೈ ಜುಮ್ಮೆಂದಿತು. "ಇನ್ನೊಂದು ಸಲ ಹಾಕಿ" ಎಂದು ಕೇಳಿ ಕೇಳಿ ಹಿಗ್ಗಿದಳು. ಆಮೇಲೆ ಆಕೆಯನ್ನು ಹೆಚ್ಚು ಚುಚ್ಚಿದ್ದು ಆ ಹಿಗ್ಗೇ.

ಬಿಡುಗಡೆಗೆ ಮುಂಚೆ ಎಲ್ಲರೂ ಕೂತು ಆಲ್ಬಂ ಕೇಳಿದ ದಿನ ಆ ಸಾಲು ಬರುತ್ತಿದ್ದಂತೆ ಟೈಲರಮ್ಮ ತಲೆ ತಗ್ಗಿಸಿದಳು. ದೊಡ್ಡಕ್ಕ ಮಾತ್ರ ಆಕೆಯ ತೊಡೆಗೆ ಫಟ್ಟನೆ ಹೊಡೆದರು.

"ಕೇಳ್ದೇನೇ? ಅಷ್ಟು ಸಲ ಹಾಡಿದ್ರಲ್ಲಿ ಒಂದಾದ್ರೂ ಸರಿಯಾಗಿ ಬಂದಿದೆ! ಇನ್ನೂ ಜೀವ ಇದೆ ಕಣೇ ಈ ಗಂಟಲಲ್ಲಿ. ಇದನ್ನ ವೇದಿಕೆ ಮೇಲೂ ಹಾಡ್ತೀನಿ!"

ಆಮೇಲೆ ಟೈಲರಮ್ಮ ಹೊಲಿಗೆಗೆ ಕೂತರೆ ತೋಳು ಅದಲುಬದಲು, ಕಾಲರ್ ತಲೆಕೆಳಗು. ತುಂಬಿದ ಸಭೆಯಲ್ಲಿ ದೊಡ್ಡಕ್ಕನ ದನಿ ಒಡೆಯುವುದನ್ನು ನೆನೆಯುತ್ತ, ಬಿಚ್ಚಿದ್ದನ್ನು ಮತ್ತೆ ತಪ್ಪಾಗಿಯೇ ಹೊಲಿಯುತ್ತಿದ್ದಳು. ಕೊನೆಗೆ ತಾನೇ ಅವರ ಮನೆಗೆ ಹೋಗಿ, ಅಡುಗೆಮನೆಯಲ್ಲಿ ನಿಂತು, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು.

ದೊಡ್ಡಕ್ಕ ಬೈಯಲಿಲ್ಲ. ಒಲೆ ಆರಿಸಿ ಕೂತರು.

"ನಂಗೆ ಎಷ್ಟು ಖುಷಿ ಆಗಿತ್ತು ಗೊತ್ತಾ?" ಎಂದರು.

"ಗೊತ್ತಕ್ಕ. ಅದಕ್ಕೇ ಹೇಳೋಕೆ ಬಾಯೇ ಬರಲಿಲ್ಲ."

ದೊಡ್ಡಕ್ಕ ಸ್ಟುಡಿಯೋಗೆ ಫೋನ್ ಮಾಡಿ ತಮ್ಮ ಒಡೆದ ಸಾಲನ್ನೇ ವಾಪಸ್ ಹಾಕಿಸಿದರು. ಆಲ್ಬಂ ಹಾಗೇ ಬಂತು. ಆ ಸಾಲು ಕೇಳಿ ಕೆಲವರು ಅತ್ತರು, ಕೆಲವರು ಇನ್ನು ಅವರು ಹಾಡದಿರುವುದೇ ಒಳ್ಳೆಯದು ಎಂದರು. ವೇದಿಕೆಯ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಬಿಡುಗಡೆಯ ದಿನ ಟೈಲರಮ್ಮನನ್ನು ಪಕ್ಕದಲ್ಲೇ ಕೂರಿಸಿಕೊಂಡರು. ಈಗಲೂ ಫೋನ್ ಮಾಡುತ್ತಾರೆ, ಮಕ್ಕಳ ಓದು, ಗಂಡನ ಬೆನ್ನುನೋವು ಎಲ್ಲ ವಿಚಾರಿಸುತ್ತಾರೆ. ಆದರೆ ಮೊದಲಿನ ಹಾಗೆ ಹೊಸದಾಗಿ ಹೊಳೆದ ಧಾಟಿಯನ್ನು ಅರ್ಧಂಬರ್ಧ ಗುನುಗಿ, "ಹೇಗಿದೆ ಹೇಳೇ" ಎಂದು ಕೇಳುವುದನ್ನು ಮಾತ್ರ ಬಿಟ್ಟಿದ್ದಾರೆ.