ಹೊಸ್ತಿಲು ದಾಟದ ಮೊಟ್ಟೆ

ನಮ್ಮ ಮನೆಯಲ್ಲಿ ಮೊಟ್ಟೆ ತಿನ್ನುವವರು ಯಾರೂ ಇಲ್ಲ. ಆದರೂ ದಿನಾ ಬೆಳಿಗ್ಗೆ ಒಂದಾದರೂ ಮೊಟ್ಟೆ ಕೈಗೆ ಸಿಗುವವರೆಗೆ ನನಗೆ ಉಪ್ಪಿಟ್ಟು ಗಂಟಲಲ್ಲಿ ಇಳಿಯುವುದಿಲ್ಲ. ಈ ವಿಷಯ ಊರಿನ ನೆಂಟರಿಗೆ ತಿಳಿಸಿಲ್ಲ. ಕೊರಳಲ್ಲಿ ಲಿಂಗ ಕಟ್ಟಿದ ಮನುಷ್ಯ ಕೋಳಿಗೂಡಿನೊಳಗೆ ತಲೆ ತೂರಿಸಿ ಕೂತಿರುತ್ತಾನೆಂದರೆ ಅವರು ಏನೇನು ಕಲ್ಪಿಸಿಕೊಳ್ಳುತ್ತಾರೋ! ನಿಮ್ಮ ಹತ್ತಿರವಾದರೆ ಹೇಳಬಹುದು.

ಇದಕ್ಕೆಲ್ಲ ಮೂಲ ಹಕ್ಕರಕಿ ಸೊಪ್ಪು. ನಾವು ರಾಣೆಬೆನ್ನೂರಿನ ಕಡೆಯವರು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ತಪಾಸಣೆ ಮಾಡುತ್ತಲೇ ನನ್ನ ತಲೆ ಬೆಳ್ಳಗಾಯಿತು. ಅಲ್ಲೇ ಹಿಂದಿನ ಬಡಾವಣೆಯಲ್ಲಿ ಮನೆಯೂ ಆಯಿತು. ಬಿಸಿ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರು, ಜೊತೆಗೆ ತೊಳೆದ ಹಸಿ ಹಕ್ಕರಕಿ ಇಲ್ಲದಿದ್ದರೆ ನಮ್ಮ ಅವ್ವನಿಗೆ ಅದು ಊಟವೇ ಅಲ್ಲ. ಇಲ್ಲಿಯ ಸಂತೆಯಲ್ಲಿ ಆ ಸೊಪ್ಪು ಕೇಳಿದರೆ ಮೂಲಂಗಿ ಸೊಪ್ಪು ತೋರಿಸುತ್ತಾರೆ. ನಿವೃತ್ತನಾದ ಮೇಲೆ ಮನೆ ಪಕ್ಕದ ಖಾಲಿ ಜಾಗದಲ್ಲಿ ನಾನೇ ಬಿತ್ತಿದೆ. ಸುತ್ತ ಬೇಲಿಯಾಗಿ ಕಾರ್ಖಾನೆಯ ಗುಜರಿ ತಗಡು, ಅದೇ, ಬಿಲ್ಲೆ ಕತ್ತರಿಸಿಕೊಂಡು ಬಿಟ್ಟ ತೂತು ತಗಡು ನಿಂತಿತು. ನಮ್ಮ ಬೀದಿಯಲ್ಲಿ ಸೇವಂತಿಗೆಗೂ ಅದೇ ಬೇಲಿ, ಹಸುವಿಗೂ ಅದೇ ಬೇಲಿ.

ಹಕ್ಕರಕಿಯ ಪಕ್ಕ ಬದನೆ ಬಂತು, ಬೆಂಡೆ ಬಂತು, ಪುಂಡಿ ಸೊಪ್ಪು ಬಂತು. ಹೀರೆಬಳ್ಳಿ ತಗಡು ಹತ್ತಿ, ಅದರ ತೂತುಗಳಲ್ಲೆಲ್ಲ ಹಳದಿ ಹೂ ತೂರಿಸಿ ಬೀದಿ ನೋಡತೊಡಗಿತು. ಮೊದಲ ಬದನೆಕಾಯಿ ಕಿತ್ತ ದಿನ ನಾನು ಅದನ್ನು ಅಂಗೈಯಲ್ಲಿಟ್ಟುಕೊಂಡು ಮೂರು ಮನೆ ಸುತ್ತಿ ಬಂದೆ. ಅಷ್ಟು ಹೊತ್ತೂ ನನ್ನ ಹೆಂಡತಿ ಶೈಲಾ ಎಣ್ಣೆ ಕಾಯಿಸಿಕೊಂಡು ಕಾಯುತ್ತಿದ್ದಳು. ಇಷ್ಟು ಸಂತೋಷ ನನಗೆ ಬಡ್ತಿ ಸಿಕ್ಕಾಗಲೂ ಆಗಿರಲಿಲ್ಲ.

ಸಂತೋಷ ನಮಗಷ್ಟೇ ಅಲ್ಲ, ಹುಳಗಳಿಗೂ ಆಯಿತು. ಔಷಧಿ ಹೊಡೆಯಲು ಮನಸ್ಸಿಲ್ಲದೆ ಕೋಳಿ ತರೋಣವೆಂದೆ. ಶೈಲಾ ಎರಡು ಷರತ್ತು ಹಾಕಿದಳು. ಒಂದು, ಮೊಟ್ಟೆ ಹೊಸ್ತಿಲು ದಾಟಬಾರದು. ಇನ್ನೊಂದು, ಹುಂಜ ಕೂಡದು. ರಾತ್ರಿ ಪಾಳಿ ಮುಗಿಸಿ ಮಲಗುವ ಬೀದಿ ಇದು, ಹುಂಜ ಕೂಗಿದರೆ ನೆರೆಹೊರೆಯವರು ನಮ್ಮನ್ನು ಉಳಿಸುವುದಿಲ್ಲ. ಎರಡಕ್ಕೂ ಒಪ್ಪಿ ಮೂರು ಹೇಂಟೆ ತಂದೆ. ಅವು ಹುಳ ತಿಂದವು, ಜೊತೆಗೆ ಅರ್ಧ ಹಕ್ಕರಕಿಯನ್ನೂ ತಿಂದವು. ಮೊಟ್ಟೆಗಳಿಗೆ ನನ್ನ ಕಾರ್ಖಾನೆಯ ಹಳೇ ಹೆಲ್ಮೆಟ್ ಮನೆಯಾಯಿತು. ಅದನ್ನು ಮೆಟ್ಟಿಲ ಕೆಳಗೆ ಬುಟ್ಟಿಯಂತೆ ತೂಗುಹಾಕಿದೆ. ಮಹಡಿ ಮನೆಯಲ್ಲಿ ಬಾಡಿಗೆಗಿರುವ ಮಂಜುಳಾ, ಕೋಲಾರದ ಹುಡುಗಿ, ಕಂಪನಿಗೆ ಹೋಗುವಾಗ ಅದರಿಂದ ಮೊಟ್ಟೆ ತೆಗೆದುಕೊಳ್ಳುತ್ತಿದ್ದಳು. ಮಿಕ್ಕಿದ್ದು ಬೀದಿಯವರಿಗೆ.

ಈ ವ್ಯವಸ್ಥೆ ಎಲ್ಲರಿಗೂ ಹಿಡಿಸಿತು, ಅವ್ವನೊಬ್ಬಳನ್ನು ಬಿಟ್ಟು. ಕೋಳಿಗಳ ಮೇಲೆ ಅವಳಿಗೆ ಪ್ರೀತಿಯೇ; ಜೋಳದ ನುಚ್ಚು ಹಾಕುವವಳೂ ಅವಳೇ. ಆದರೆ ನಾನು ಗೂಡಿಗೆ ಕೈ ಹಾಕಿದರೆ ಮುಖ ತಿರುಗಿಸುತ್ತಿದ್ದಳು. "ದಿನಾ ಅದರ ಕೂಸು ಕಸಗೊಂಡು ಮಂದಿಗೆ ಕೊಡ್ತೀಯಲ್ಲೋ, ನಿನಗರ ಹೆಂಗ ಮನಸ್ಸು ಬರ್ತೈತಿ?" ಎಂದು ಒಂದು ದಿನ ಕೇಳಿಯೇಬಿಟ್ಟಳು. ಆಮೇಲೆ ಹೆಲ್ಮೆಟ್ ತುಂಬಿದಷ್ಟೂ ನನ್ನ ಖುಷಿಗೆ ಸಣ್ಣದೊಂದು ಮುಳ್ಳು ಚುಚ್ಚುತ್ತಿತ್ತು.

ಹೀಗಿರುವಾಗ ಕಂದು ಬಣ್ಣದ ಹೇಂಟೆ ಗೂಡು ಬಿಟ್ಟು ಏಳದಾಯಿತು. ಹತ್ತಿರ ಹೋದರೆ ರೆಕ್ಕೆ ಉಬ್ಬಿಸಿ ಗುರುಗುಟ್ಟುತ್ತಿತ್ತು. ಅವ್ವ ಕಟ್ಟಪ್ಪಣೆ ಮಾಡಿದಳು: "ಕಾವಿಗೆ ಕುಂತೈತಿ. ಈ ಸಲ ಒಂದೂ ಮುಟ್ಟಬ್ಯಾಡ. ಅದೂ ತನ್ನ ಮಕ್ಕಳ ಮುಖ ನೋಡ್ಲಿ." ನನಗೂ ಋಣ ತೀರಿಸುವ ದಾರಿ ಸಿಕ್ಕಂತಾಯಿತು. ಅವತ್ತಿನಿಂದ ಮನೆಯಲ್ಲಿ ಬಾಣಂತನದ ಸಡಗರ. ಅವ್ವ ಗೂಡಿಗೆ ಹಳೇ ಸೀರೆಯ ಮರೆ ಕಟ್ಟಿದಳು. ಶೈಲಾ ಕುಕ್ಕರಿನ ಸೀಟಿ ತಗ್ಗಿಸಿದಳು, ಅಂದರೆ ತಗ್ಗಿಸಲು ನೋಡಿದಳು. ನಾನು ಗೂಡಿನ ಉಷ್ಣತೆ ನೋಡಲು ಥರ್ಮಾಮೀಟರ್ ಹಿಡಿದು ಹೋಗಿ ಕುಕ್ಕಿಸಿಕೊಂಡು ಬಂದೆ. ಮೂರು ವಾರ ಕಳೆಯಿತು. ಮೊಟ್ಟೆ ಒಡೆಯಲಿಲ್ಲ. ಅವ್ವ ಒಳಗೊಳಗೇ ಕುಗ್ಗಿದಳು. ಊಟಕ್ಕೆ ಕೂತರೂ ಕಣ್ಣು ಗೂಡಿನ ಕಡೆಗೇ.

ತಿಂಗಳ ರಜೆ ಹಾಕಿ ಊರಿಗೆ ಹೋಗಿದ್ದ ಮಂಜುಳಾ ಅಷ್ಟರಲ್ಲಿ ಬಂದಳು. ಬ್ಯಾಗು ಹೆಗಲಲ್ಲಿದ್ದಂತೆಯೇ ಎಲ್ಲ ಕೇಳಿಸಿಕೊಂಡಳು. ತೋಟವನ್ನೊಮ್ಮೆ, ಗೂಡನ್ನೊಮ್ಮೆ ನೋಡಿದಳು.

"ಅಂಕಲ್, ಹುಂಜ ಎಲ್ಲಿ?"

"ಹುಂಜ ಯಾಕಮ್ಮ? ಕೂಗುತ್ತೆ ಅಂತ ತಂದೇ ಇಲ್ಲ."

"ಅಯ್ಯೋ ಅಂಕಲ್! ಹುಂಜ ಇಲ್ದೆ ಮರಿ ಹೆಂಗಾಗುತ್ತೆ?"

ಪಕ್ಕದ ಶೆಡ್ಡಿನ ಲೇತ್ ಯಂತ್ರ ಕೂಡ ಆಗಲೇ ನಿಲ್ಲಬೇಕೆ! ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಹಿಡಿಯುತ್ತಿದ್ದ ತಪಾಸಣೆಗಾರ ನಾನು. ಇಡೀ ಅಪ್ಪನೇ ನಾಪತ್ತೆಯಾಗಿರುವುದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ತಲೆತಲಾಂತರದಿಂದ ಮೊಟ್ಟೆಯ ಕಡೆ ತಿರುಗಿಯೂ ನೋಡದ ಮನೆತನದಲ್ಲಿ ಈ ಜ್ಞಾನ ಎಲ್ಲಿಂದ ಬರಬೇಕು? ಶೈಲಾ ಸೆರಗು ಬಾಯಿಗಿಟ್ಟುಕೊಂಡಳು. ಮೊದಲು ನಕ್ಕವಳು ಅವ್ವ. "ಅಯ್ಯ ನನ್ನ ಶಿವನ, ಐದು ಹಡೆದಾಕಿ ನಾನು! ನನಗರ ಹೊಳೀಬಾರದ?" ಎಂದು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

ನಗು ನಿಂತ ಮೇಲೆ ಅವಳು ಮಂಜುಳಾಳ ಕೈ ಹಿಡಿದು ಮೆಲ್ಲಗೆ ಕೇಳಿದಳು: "ಹಂಗಾದ್ರ ಇಷ್ಟು ದಿವಸ ಇವ ಹಂಚಿದ್ದು ಯಾವ ಕೂಸೂ ಅಲ್ಲ?"

"ಒಂದೂ ಅಲ್ಲ ಅಜ್ಜಿ."

"ಹಂಗಾದ್ರ ಬದನಿಕಾಯಿ ಇದ್ದಂಗ ಆತು ಬಿಡು!"

ನನ್ನ ಎದೆಯಿಂದ ಒಂದು ಚಪ್ಪಡಿ ಜಾರಿತು. ಆಸೆಯಾಗಿ, ಹಾಗಾದರೆ ಹೊಸ್ತಿಲು ದಾಟಿಸೋಣವೇ ಎಂದೆ. "ತಿನ್ನೂ ಮಾತು ಬ್ಯಾರೆ!" ಎಂದು ಅತ್ತೆ ಸೊಸೆ ಒಂದೇ ದನಿಯಲ್ಲಿ ಗದರಿದರು. ಬೇರೆ ಯಾವ ವಿಷಯದಲ್ಲೂ ಅವರಿಬ್ಬರು ಹೀಗೆ ಒಂದಾಗಿದ್ದು ನಾನು ಕಂಡಿಲ್ಲ.

ಆದರೆ ಕಾವಿಗೆ ಕೂತವಳಿಗೆ ಇದನ್ನೆಲ್ಲ ಹೇಳುವವರು ಯಾರು? ಅವ್ವನ ಒತ್ತಾಯಕ್ಕೆ ಮಂಜುಳಾ ತನ್ನೂರಿನಿಂದ, ಹುಂಜವಿರುವ ಮನೆಯ ಮೊಟ್ಟೆಗಳನ್ನು ತರಿಸಿ ಹಳೆಯವನ್ನು ಬದಲಿಸಿದಳು. ಕಂದು ಹೇಂಟೆ ತಕರಾರಿಲ್ಲದೆ ಮತ್ತೆ ಕೂತಿತು. ಒಂದು ಬೆಳಿಗ್ಗೆ ಸೀರೆಯ ಮರೆಯಿಂದ ಚಿಂವ್ ಚಿಂವ್ ಕೇಳಿ ಅವ್ವ ಪೂಜೆಯಿಂದ ಅರ್ಧಕ್ಕೇ ಎದ್ದು ಬಂದಳು. ನಾಲ್ಕು ಮರಿ! ಬೀದಿಗೆಲ್ಲ ಸಕ್ಕರೆ ಹಂಚಿಸಿದಳು.

ಈಗ ಉಳಿದೆರಡು ಕೋಳಿಗಳ ಮೊಟ್ಟೆಯನ್ನು ನಾನು ಗೂಡಿನಿಂದ ತೆಗೆದುಕೊಟ್ಟರೆ ಅವ್ವನೇ ಬದನೆ, ಬೆಂಡೆಗಳ ಜೊತೆ ಸೆರಗಿನಲ್ಲಿ ತುಂಬಿಕೊಂಡು ಬಂದು ಹೆಲ್ಮೆಟ್ಟಿಗೆ ಇಳಿಸುತ್ತಾಳೆ. ಎಲ್ಲ ಸರಿಯಾಗಿದೆ. ಒಂದು ಮರಿಯ ಜುಟ್ಟು ಮಾತ್ರ ದಿನದಿನಕ್ಕೆ ಕೆಂಪಾಗುತ್ತಿದೆ. ನಡಿಗೆಯಲ್ಲೂ ಗತ್ತು ಬಂದಿದೆ. ಶೈಲಾಗೆ ಬೀದಿಯವರ ನಿದ್ದೆಯ ಚಿಂತೆ, ನನಗೆ ಬದನೆಕಾಯಿಗಳು ಮತ್ತೆ ಕೂಸುಗಳಾದಾವೆಂಬ ಚಿಂತೆ. ನಿನ್ನೆ ಅವ್ವನನ್ನೇ ಕೇಳಿದೆ, ಇದು ಹುಂಜವಾದರೆ ಏನು ಮಾಡೋಣ ಎಂದು.

ಅವಳು ನುಚ್ಚು ಚೆಲ್ಲುತ್ತಾ ಹೇಳಿದಳು: "ಆದ್ರ ಆಗಲಿ. ಅವತ್ತಿನಿಂದ ಒಂದೊಂದು ಮೊಟ್ಟಿನೂ ಅದರ ಅವ್ವನ್ನ ಕೇಳಿ ತಗೊಳ್ಳೂಣು."