ಮನಶ್ಶಾಸ್ತ್ರಕ್ಕೆ ಹೊರಟ ದಿಬ್ಬಣ

ಯುದ್ಧ ಮುಗಿದ ಮರುವರ್ಷ, 1946ರ ಜೂನ್. ಮೈಸೂರಿನ ಹಾಸ್ಟೆಲಿನಲ್ಲಿದ್ದು ಬಿ.ಎ. ಮುಗಿಸಿದ ನಾನು ಮದ್ದೂರಿನ ಮನೆಗೆ ಬಂದಿದ್ದೆ. ನಮ್ಮ ಒಕ್ಕಲು ಮನೆತನದಲ್ಲಿ ಅಷ್ಟು ಓದಿದ ಹೆಣ್ಣು ನಾನೊಬ್ಬಳೇ. ಅಷ್ಟಕ್ಕೇ ಸುಮ್ಮನಾಗುವ ಜಾಯಮಾನ ನನ್ನದಲ್ಲ, ಎಂ.ಎ. ಮನಶ್ಶಾಸ್ತ್ರಕ್ಕೆ ಅರ್ಜಿ ಹಾಕಿದೆ. ಒಬ್ಬೊಬ್ಬರೇ ಇದ್ದಾಗ ತಣ್ಣಗಿರುವ ಜನ ಗುಂಪು ಸೇರಿದ ಕೂಡಲೇ ಯಾಕೆ ಬೇರೆಯೇ ಆಗಿಬಿಡುತ್ತಾರೆ ಎಂದು ಓದಬೇಕು ಅಂತ ಬರೆದಿದ್ದೆ. ಸೋಮವಾರ ಸಂದರ್ಶನಕ್ಕೆ ಬನ್ನಿ ಎಂದು ಉತ್ತರ ಬಂತು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಪ್ಪನೂ "ಓಗವಾ ಬುಡು" ಅಂದುಬಿಟ್ಟರು.

ಆ ವಾರ ಸಂತೆಗೆ ಬಂದ ಬೆಸಗರಹಳ್ಳಿಯ ಸೋದರಮಾವ ನಮ್ಮ ಮನೆಗೂ ಬಂದರು. ನಮ್ಮಜ್ಜಿಗೆ ಹೇಳದೆ ಇರಲಾದೀತೆ? "ಮಗಿ ಬರೋ ಸ್ವಾಮಾರ ಮನಸ್ಸಾಸ್ತ್ರಕ್ಕೆ ಮೈಸೂರ್ಗೆ ಓಯ್ತದೆ ಕಣಪ್ಪ" ಅಂದರು. ಮಾವನ ಕಿವಿಗೆ ಅದು "ಮನೆಸಾಸ್ತ್ರ" ಅಂತ ಬಿತ್ತು. ನಮ್ಮ ಕಡೆ ಹೆಣ್ಣು ಕೊಡುವ ಮೊದಲು ಹಿರಿಯರು ಹೋಗಿ ಗಂಡಿನ ಮನೆ ನೋಡಿ ಬರುವುದಕ್ಕೆ ಹಾಗನ್ನುತ್ತಾರೆ. ತನ್ನನ್ನು ಕರೆಯಲಿಲ್ಲವೆಂದು ಮಾವನಿಗೆ ಸಿಟ್ಟು. ತುಟಿ ಪಿಟಕ್ಕೆನ್ನದೆ ಎದ್ದು ಹೋಗಿ, ನೆಂಟರಿಗೆಲ್ಲ ಸುದ್ದಿ ಮುಟ್ಟಿಸಿದರು.

ಸೋಮವಾರ ಅಪ್ಪನ ಜೊತೆ ಮದ್ದೂರು ಸ್ಟೇಷನ್ನಿಗೆ ಹೋದರೆ, ಅಯ್ಯೋ ದೇವರೇ, ಪ್ಲಾಟ್‌ಫಾರಂ ತುಂಬ ನಮ್ಮವರೇ! ಮಾವ ಜರಿಪೇಟ ಸುತ್ತಿದ್ದರು. ಅತ್ತೆಯಂದಿರ ಕೈಯಲ್ಲಿ ಎಲೆಅಡಿಕೆ, ತೆಂಗಿನಕಾಯಿಯ ತಟ್ಟೆ. ನನ್ನನ್ನು ಕಂಡದ್ದೇ ಮಾವ ಅಪ್ಪನ ಮೇಲೆ ಹರಿಹಾಯ್ದರು.

"ಸೋದರಮಾವ ನಾನು ಬದ್ಕಿವ್ನಿ, ಒಂದ್ ಮಾತು ಯೋಳ್ನಿಲ್ಲ. ಓಗ್ಲಿ, ನಾವೇ ಬಂದೋ. ಅಲ್ಲ ಬಾವ, ಮನೆಸಾಸ್ತ್ರಕ್ಕೆ ಎಣ್ಣನ್ನೂ ಕರ್ಕೊಂಡ್ ಓದಾರಾ?"

ಅಪ್ಪ ನಗುತ್ತಾ ಎಲ್ಲ ಬಿಡಿಸಿ ಹೇಳಿದರು. ನಗಬಾರದಿತ್ತು. ಹಿಂದೆ ಯಾರೋ ಕಿಸಕ್ಕೆಂದರು, ಮಾವನ ಮುಖ ಕೆಂಪಾಯಿತು. "ಇಷ್ಟ್ ಜನದ ಮುಂದೆ ನನ್ ಮಾನ ಕಳುದ್ರಿ" ಅಂದರು.

"ಮನ್ಸು ಓದದು ಅಂದ್ರೆ ಉಚ್ಚರ ಓದಂತೆ ಕಣಮ್ಮ" ಅಂದಳು ಒಬ್ಬತ್ತೆ. ಅಷ್ಟೇ, ಎಲ್ಲರೂ ಅದನ್ನೇ ಹಿಡಿದುಕೊಂಡರು. ಹೆತ್ತ ಮಗಳನ್ನೇ ಹುಚ್ಚಾಸ್ಪತ್ರೆಗೆ ಕಳಿಸುತ್ತಿದ್ದಾನೆ ಅನ್ನುವವರೆಗೂ ಹೋಯಿತು. ಅವರೆಲ್ಲ ನನ್ನನ್ನು ಎತ್ತಿ ಆಡಿಸಿದವರೇ.

ರೈಲು ಬಂತು. ನಾನು ಹತ್ತಿ ಬಾಗಿಲಲ್ಲಿ ನಿಂತು, "ಅಪ್ಪಾ, ಬಾ" ಅಂದೆ. ಊರಿಗೇ ಹೆದರದ ಅಪ್ಪ ಆ ಮುಖಗಳನ್ನೆಲ್ಲ ಒಮ್ಮೆ ನೋಡಿದರು. ನನ್ನ ಕೈ ಹಿಡಿದು ಇಳಿಸಿಕೊಂಡು, "ಬರೋ ವರ್ಸ ಓಗವಾ ಬುಡವ್ವ" ಅಂದರು. ರೈಲು ಹೊರಟೇ ಹೋಯಿತು. ಅವರೆದುರು ನಾನು ಅಳಲಿಲ್ಲ.

ಮರುವರ್ಷದೊಳಗೆ ಮಾವ ಮಳವಳ್ಳಿಯಲ್ಲಿ ಗಂಡು ಹುಡುಕಿ ನಿಜವಾದ ಮನೆಶಾಸ್ತ್ರವನ್ನೇ ಮಾಡಿಸಿದರು. ನನ್ನ ಯಜಮಾನರು ಒಳ್ಳೆಯವರು, ಸಂಸಾರದಲ್ಲಿ ಕೊರತೆ ಕಾಣಲಿಲ್ಲ. ಆದರೂ ಯಾರಾದರೂ ಮೈಸೂರು ಅಂದರೆ ಸಾಕು, ಆ ರೈಲೇ ನೆನಪಾಗುತ್ತಿತ್ತು.

ವಯಸ್ಸಾದ ಮೇಲೆ ಕಣ್ಣು ತೋರಿಸಲು ಮೈಸೂರಿಗೆ ಹೋದವಳು, ಯಾರಿಗೂ ಹೇಳದೆ ಮನಶ್ಶಾಸ್ತ್ರ ವಿಭಾಗದ ಬಾಗಿಲಿಗೆ ಹೋಗಿ ನಿಂತೆ. ಒಳಗಿಂದ ಬಂದ ಹುಡುಗಿಯೊಬ್ಬಳು, "ಮೊಮ್ಮಗಳಿಗೆ ಸೀಟು ಬೇಕಿತ್ತಾ ಅಜ್ಜಿ?" ಅಂತ ಕೇಳಿದಳು.

"ನಂಗೇ ಬೇಕಿತ್ತು ಕಣವ್ವ" ಅಂದೆ.

ತಮಾಷೆ ಅಂದುಕೊಂಡು ಅವಳು ನಕ್ಕಳು. ನಾನೂ ನಕ್ಕೆ. ನಿಜ ಹೇಳಬೇಕೆಂದರೆ, ಈಗ ಕರೆದರೂ ಹೊರಟುಬಿಡುತ್ತೇನೆ.