ಬಿಸಿಯಾದರೆ ನಿಲ್ಲುವ ಗಾಡಿ

ನನ್ನ ಗಂಡನಿಗೆ ನಮ್ಮ ಬೀದಿಯವರು ಇಟ್ಟಿರುವ ಹೆಸರು ನಾಡಿ ಮೇಷ್ಟ್ರು. ಅವರು ಮೇಷ್ಟ್ರೂ ಅಲ್ಲ, ವೈದ್ಯರೂ ಅಲ್ಲ. ಮನೆಯ ಮುಂದಿನ ತಗಡಿನ ಶೆಡ್ಡಿನಲ್ಲಿ ಮೂವತ್ತೊಂದು ವರ್ಷದಿಂದ ಬೈಕ್ ರಿಪೇರಿ ಮಾಡಿಕೊಂಡು ಬಂದಿರುವ ಮೆಕ್ಯಾನಿಕ್. ಗಾಡಿ ತಂದವರು "ಅಣ್ಣಾ, ಇದು ಏನಾಗ್ತಿದೆ ಅಂದ್ರೆ..." ಎಂದು ಬಾಯಿ ತೆರೆದರೆ ಸಾಕು, ಇವರು ಕೈ ಎತ್ತಿ ತಡೆಯುತ್ತಾರೆ. "ನೀವು ಸುಮ್ನಿರಿ. ಗಾಡಿನೇ ಹೇಳುತ್ತೆ." ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಆನಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಲ್ಲುತ್ತಾರೆ. ಆಮೇಲೆ ತೀರ್ಪು. ಹತ್ತರಲ್ಲಿ ಒಂಬತ್ತು ಸಲ ಆ ತೀರ್ಪು ಸರಿಯಾಗಿಯೇ ಇರುತ್ತದೆ, ಬಂದಿರುವ ಕಷ್ಟವೇ ಅದು. ನಾಲ್ಕು ಸಲ ತಪ್ಪಿದ್ದರೂ ಮನುಷ್ಯ ಇಷ್ಟು ಹೊತ್ತಿಗೆ ಇನ್ನೊಬ್ಬರ ಮಾತು ಕೇಳುವುದನ್ನು ಕಲಿತಿರುತ್ತಿದ್ದರು.

ಮನೆಯೊಳಗೂ ಅದೇ ವೈದ್ಯ. ಮಿಕ್ಸಿ ಯಾಕೆ ತಿರುಗುತ್ತಿಲ್ಲ, ನನಗೆ ಯಾಕೆ ತಲೆನೋವು, ಎಲ್ಲವೂ ಅವರಿಗೇ ಗೊತ್ತು. ಮದುವೆಯಾದ ಎರಡನೇ ವರ್ಷಕ್ಕೇ ನಾನು ವಿವರಿಸುವುದನ್ನು ಬಿಟ್ಟುಬಿಟ್ಟೆ. ಒಳಗೊಳಗೇ ಹಲ್ಲು ಕಡಿಯುವುದನ್ನು ಮಾತ್ರ ಬಿಡಲಿಲ್ಲ.

ನಮಗೆ ಒಬ್ಬಳೇ ಮಗಳು. ನದಿಯಾಚೆಯ ಆಸ್ಪತ್ರೆಯಲ್ಲಿ ನರ್ಸ್. ಅಪ್ಪನ ಹಳೆಯ ಬೈಕಿನಲ್ಲೇ ಹೋಗಿಬರುತ್ತಾಳೆ. ಮನೆ ಬಿಟ್ಟು ಅರ್ಧ ಗಂಟೆಗೆ ಸೇತುವೆ ಸಿಗುತ್ತದೆ. ಉದ್ದ, ಇಕ್ಕಟ್ಟು, ಅದರ ಮೇಲೆ ಹಗಲೆಲ್ಲ ಮರಳಿನ ಲಾರಿ. ಮೂರು ವಾರದ ಹಿಂದೆ ಅವಳ ಗಾಡಿ ಆ ಸೇತುವೆಯ ನಟ್ಟನಡುವೆ ನಿಂತುಹೋಯಿತು. ಹಿಂದೆ ಲಾರಿಯವನು ಕಿವಿ ಕಿತ್ತುಹೋಗುವ ಹಾಗೆ ಹಾರ್ನ್ ಒತ್ತುತ್ತಿದ್ದ. ಅವಳು ತಳ್ಳಿಕೊಂಡು ದಾಟಿದ್ದಳು.

ಸಂಜೆ ಬಂದವಳೇ ಶೆಡ್ಡಿಗೆ ಹೋದಳು. "ಅಪ್ಪಾ, ಇವತ್ತು ಗಾಡಿ ಸೇತುವೆ ಮೇಲೆ..."

"ಕಾರ್ಬುರೇಟರ್," ಎಂದರು ಇವರು, ತಲೆ ಕೂಡ ಎತ್ತದೆ. "ಕಸ ಕೂತಿದೆ. ಬಿಟ್ಟು ಹೋಗು."

ಬಿಚ್ಚಿದರು. ಪೆಟ್ರೋಲ್ ಹಾಯುವ ಜೆಟ್ಟಿನ ಸಣ್ಣ ತೂತಿಗೆ ಗಾಳಿ ಊದಿದರು, ಪೆಟ್ರೋಲಿನಲ್ಲಿ ತೊಳೆದರು, ಜೋಡಿಸಿದರು. ಪ್ಲಗ್ ತೆಗೆದು ಎಂಜಿನ್ನಿಗೆ ಮುಟ್ಟಿಸಿ ಕಿಕ್ ಹೊಡೆದರೆ ನೀಲಿ ಕಿಡಿ ಚಟ್ ಎಂದು ಹಾರಿತು. "ಕರೆಂಟು ಗಟ್ಟಿಯಾಗಿದೆ," ಎಂದು ನನ್ನನ್ನೂ ಕರೆದು ತೋರಿಸಿದರು. ಎರಡೇ ದಿನಕ್ಕೆ ಗಾಡಿ ಮತ್ತೆ ನಿಂತಿತು. ಮತ್ತೆ ಕಾರ್ಬುರೇಟರ್. ಮೂರನೇ ಸಲಕ್ಕೆ ಜೆಟ್ಟನ್ನೇ ಬದಲಾಯಿಸಿದರು. ಅದಾದ ಮೇಲೆ ಮಗಳು ಶೆಡ್ಡಿನ ಕಡೆ ತಿರುಗಿಯೂ ನೋಡಲಿಲ್ಲ. ಗೆದ್ದೆ ಎಂದುಕೊಂಡರು ನಮ್ಮವರು.

ಅವಳು ಹೇಳಬೇಕಾದದ್ದನ್ನು ನನಗೆ ಹೇಳಿದ್ದಳು. ಮೊದಲನೇ ವಾರವೇ, ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಾ. "ಅಮ್ಮಾ, ಬೆಳಿಗ್ಗೆ ಹೊರಡೋವಾಗ ಏನೂ ಆಗಲ್ಲ. ಅರ್ಧ ಗಂಟೆ ಓಡಿ ಬಿಸಿಯಾದ್ಮೇಲೇನೇ ನಿಲ್ಲೋದು. ಹತ್ತು ನಿಮಿಷ ಸುಮ್ನೆ ಬಿಟ್ರೆ ತಾನಾಗೇ ಸ್ಟಾರ್ಟ್ ಆಗುತ್ತೆ. ಅಪ್ಪ ಮಾತು ಮುಗ್ಸೋಕೇ ಬಿಡಲ್ಲ."

"ನೋಡೋಣ ಬಿಡು," ಎಂದಿದ್ದೆ ನಾನು.

ಈ ಸೋಮವಾರ ಅವಳು ಹೊರಟು ಐದು ನಿಮಿಷವಾಗಿರಬೇಕು. ಶಾಲೆಯ ಬಸ್ಸು ಓಡಿಸುವ ಡ್ರೈವರ್ ತನ್ನ ಬೈಕಿನ ಬ್ರೇಕ್ ಬಿಗಿ ಮಾಡಿಸಲು ಬಂದ. ಬಂದವನೇ ಸೇತುವೆಯ ಪುರಾಣ ತೆಗೆದ. "ಒಂದು ಸೈಡ್ ಅಗೆದು ಹಾಕ್ಬಿಟ್ಟಿದಾರೆ. ಎರಡು ಕಡೆ ಲಾರಿನೂ ಒಂದೇ ದಾರೀಲಿ. ಪಕ್ಕಕ್ಕೆ ಒಂದು ಕಾಲಿಡೋಕೂ ಜಾಗ ಇಲ್ಲ. ಮಧ್ಯದಲ್ಲಿ ಏನಾದ್ರೂ ನಿಂತ್ರೆ ಕತೆ ಮುಗೀತು."

ಕೈಯಲ್ಲಿದ್ದ ಕಾಫಿ ಲೋಟ ಅಲ್ಲೇ ನೆಲಕ್ಕಿಟ್ಟೆ. ಓಡಿಹೋಗಿ ಫೋನ್ ಮಾಡಿದೆ. ರಿಂಗ್ ಆಗುತ್ತಲೇ ಇತ್ತು. ಗಾಡಿಯ ಮೇಲಿರುವಾಗ ಅವಳು ಎತ್ತುವುದಿಲ್ಲ, ನಾವೇ ಕಲಿಸಿದ ಬುದ್ಧಿ.

"ರೀ, ಅವಳ ಗಾಡಿ ಸರಿಹೋಗಿಲ್ಲ!"

"ಸುಮ್ನಿರು, ಜೆಟ್ಟೇ ಹೊಸದು..."

"ನೀವು ಸುಮ್ನಿರಿ!" ಎಂದು ಕಿರುಚಿದೆ. ಬಸ್ ಡ್ರೈವರ್ ಎರಡು ಹೆಜ್ಜೆ ಹಿಂದೆ ಸರಿದ. ಮಗಳು ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಒದರಿದೆ. ಬಿಸಿಯಾದರೆ ನಿಲ್ಲುವುದು, ತಣ್ಣಗಾದರೆ ಹೊರಡುವುದು.

ಅವರು ಬ್ರೇಕ್ ಕೆಲಸ ಬಿಟ್ಟು ಎದ್ದು ನಿಂತರು. "ಕಾಯಿಲ್," ಎಂದರು ಮೆಲ್ಲಗೆ. ಪ್ಲಗ್ಗಿಗೆ ಕರೆಂಟು ಕಳಿಸುವ ಕಾಯಿಲ್ ಹಳೆಯದಾದರೆ, ತಣ್ಣಗಿರುವಾಗ ಕಿಡಿ ಚೆನ್ನಾಗಿಯೇ ಕೊಡುತ್ತದೆ, ಬಿಸಿಯಾದಾಗ ಕೈಕೊಡುತ್ತದೆ. ಇವರು ಮೂರು ಸಲವೂ ಶೆಡ್ಡಿನ ನೆರಳಲ್ಲಿ, ತಣ್ಣಗಿದ್ದ ಗಾಡಿಯನ್ನೇ ನೋಡಿದ್ದರು. "ಇಲ್ಲಾ ಟ್ಯಾಂಕಿನ ಮುಚ್ಚಳದ ಗಾಳಿ ತೂತು ಕಟ್ಟಿರಬೇಕು, ಆಗ ಪೆಟ್ರೋಲ್ ಇಳಿಯಲ್ಲ. ಯಾವುದು ಅಂತ ಅವಳನ್ನೇ ಕೇಳಬೇಕು." ಗಡಿಯಾರ ನೋಡಿದರು. "ಸೇತುವೆ ಹತ್ರ ಹೋಗೋ ಹೊತ್ತಿಗೆ ಸರಿಯಾಗಿ ಬಿಸಿಯಾಗಿರುತ್ತೆ."

ಬಸ್ ಡ್ರೈವರ್ ಕೇಳುವ ಮೊದಲೇ ತನ್ನ ಬೈಕಿನ ಕೀ ಚಾಚಿದ. ಹೊಸ ಕಾಯಿಲ್ಲು, ಎರಡು ಸ್ಪ್ಯಾನರ್ರು ನನ್ನ ಮಡಿಲಿಗೆ ಬಿದ್ದವು. ಬ್ರೇಕ್ ಅರ್ಧ ಬಿಗಿಯಾಗಿದ್ದ ಗಾಡಿಯಲ್ಲಿ ಇಬ್ಬರೂ ಹೊರಟೆವು. ದಾರಿಯುದ್ದಕ್ಕೂ ನಾನು ಫೋನ್ ಒತ್ತುತ್ತಲೇ ಇದ್ದೆ. ಎದುರಿನಿಂದ ಆಂಬುಲೆನ್ಸೊಂದು ಕೂಗುತ್ತಾ ಬಂದಾಗ ಇವರು ಗಾಡಿಯ ವೇಗ ಇಳಿಸಿ, ಅದು ದಾಟಿಹೋಗುವವರೆಗೂ ಅದನ್ನೇ ನೋಡಿದರು.

ಸೇತುವೆಗೆ ಇನ್ನೂರು ಹೆಜ್ಜೆ ಇದೆ ಎನ್ನುವಾಗ ಅವಳು ಕಂಡಳು. ಪಂಕ್ಚರ್ ಅಂಗಡಿಯ ಚಪ್ಪರದ ಕೆಳಗೆ ಗಾಡಿ ನಿಲ್ಲಿಸಿಕೊಂಡು, ಸೀಟು ಕಳಚಿ, ಟ್ಯಾಂಕ್ ಸ್ವಲ್ಪ ಎತ್ತಿ, ಅದರ ಅಡಿಯ ಸಣ್ಣ ಕರಿ ಡಬ್ಬಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದಳು. ಪಕ್ಕದಲ್ಲಿ ನೀರಿನ ಬಾಟಲಿ. ಪಂಕ್ಚರ್ ಅಂಗಡಿಯವನು ನಮ್ಮನ್ನು ನೋಡಿ, "ಸಿಸ್ಟರ್ ದಿನಾ ಇಲ್ಲಿ ಹತ್ತು ನಿಮಿಷ ನಿಂತೇ ಹೋಗೋದು," ಎಂದ.

ಅವಳ ಫೋನು ಬ್ಯಾಗಿನಲ್ಲಿ ಬಡಿದುಕೊಳ್ಳುತ್ತಿತ್ತು. ನಾನು ಅಂಗಡಿಯ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ.

ಅವರು ಗಾಡಿಯ ಹತ್ತಿರ ಹೋಗಿ ನಿಂತರು. ಸ್ಕ್ರೂಡ್ರೈವರ್ ತೆಗೆಯಲಿಲ್ಲ. "ನಿಲ್ಲೋ ಮುಂಚೆ ಗೊಣಗುತ್ತಾ? ಇಲ್ಲಾ ದಿಢೀರ್ ಅಂತ ನಿಲ್ಲುತ್ತಾ?"

ಮಗಳು ಬಟ್ಟೆ ಹಿಡಿದುಕೊಂಡೇ ಅವರ ಮುಖ ನೋಡಿದಳು. ನಿಜವಾಗಿ ಕೇಳುತ್ತಿದ್ದಾರೆಂದು ಅವಳಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ.

"ದಿಢೀರ್ ಅಂತ, ಸ್ವಿಚ್ ಆಫ್ ಮಾಡಿದ ಹಾಗೆ."

"ಮುಚ್ಚಳ ತೆಗೆದು ನೋಡಿದ್ಯಾ?"

"ನೋಡಿದೀನಿ. ತೆಗೆದ್ರೂ ಏನೂ ವ್ಯತ್ಯಾಸ ಆಗಲ್ಲ. ಇಲ್ಲಿ ಒದ್ದೆ ಬಟ್ಟೆ ಹಾಕಿದ್ರೆ ಮಾತ್ರ ಬೇಗ ಎದ್ದೇಳುತ್ತೆ. ಇದೇ ಕೆಟ್ಟಿರೋದು ಅಂತ ಗೊತ್ತಾಯ್ತು, ಹೆಸರು ಗೊತ್ತಿಲ್ಲ."

"ಕಾಯಿಲ್," ಎಂದರು ಅವರು. "ನೀನು ಕಂಡುಹಿಡಿದಿದ್ದು ಸರಿ."

ಎರಡು ನಟ್ಟು ಬಿಚ್ಚಿ ಎರಡು ನಟ್ಟು ಹಾಕುವ ಕೆಲಸ. ನಿದ್ದೆಗಣ್ಣಲ್ಲೂ ಮಾಡುತ್ತಿದ್ದರು. ಅವತ್ತು ಸ್ಪ್ಯಾನರ್ ಮೂರು ಸಲ ಕೈಯಿಂದ ಬಿತ್ತು, ಕೊನೆಗೆ ಮಗಳೇ ಹಿಡಿದು ಬಿಗಿ ಮಾಡಿದಳು. ಗಾಡಿ ಒಂದೇ ಕಿಕ್ಕಿಗೆ ಎದ್ದಿತು. ಡ್ಯೂಟಿಗೆ ತಡವಾಯಿತೆಂದು ಹೆಲ್ಮೆಟ್ ಹಾಕಿಕೊಂಡಳು.

"ನಂಗೆ ಯಾಕೆ ಹೇಳಲಿಲ್ಲ, ಪುಟ್ಟಾ?"

"ಮೂರು ಸಲ ಬಂದೆನಲ್ಲಪ್ಪಾ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವರಿಗೆ ಹೆಚ್ಚು ನಾಟಿರಬೇಕು.

ಅವಳು ಎರಡು ಲಾರಿಗಳ ನಡುವೆ ಸೇತುವೆ ಹತ್ತಿದಳು. ಆಚೆ ದಡದಲ್ಲಿ ಅವಳ ಹೆಲ್ಮೆಟ್ಟು ಕಾಣಿಸಿಕೊಳ್ಳುವವರೆಗೂ ನಾವು ಕಣ್ಣು ಮಿಟುಕಿಸಲಿಲ್ಲ. ಆಮೇಲೆ ಅವರು ನನ್ನ ಕಡೆ ತಿರುಗಿದರು.

"ನಿಂಗೆ ಯಾವಾಗ ಹೇಳಿದ್ಲು?"

ನಿನ್ನೆ ಎನ್ನಬಹುದಿತ್ತು. "ಮೂರು ವಾರ ಆಯ್ತು," ಎಂದೆ.

ಅವರು ಕಾದರು. ಮದುವೆಯಾದಾಗಿನಿಂದ ಮೊದಲ ಸಲ, ನಡುವೆ ಬಾಯಿ ಹಾಕದೆ ಕಾದರು. ನಾನು ಹೇಳಲೇಬೇಕಾಯಿತು.

"ನಿಮಗೆ ಹೆದರಿ ಸುಮ್ನಿರಲಿಲ್ಲ. ಒಂದು ಸಲವಾದ್ರೂ ನೀವು ತಪ್ಪಿದ್ದು ನಾಲ್ಕು ಜನರಿಗೆ ಗೊತ್ತಾಗ್ಲಿ ಅಂತಿತ್ತು. ಅದಕ್ಕೇ ಹೇಳಲಿಲ್ಲ."

ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ. ಕಳಚಿದ ಹಳೆಯ ಕಾಯಿಲ್ಲನ್ನು ನನ್ನ ಕೈಗೆ ಕೊಟ್ಟು ಗಾಡಿ ಸ್ಟಾರ್ಟ್ ಮಾಡಿದರು. ಕಾಯಿಲ್ ಇನ್ನೂ ಬೆಚ್ಚಗಿತ್ತು. ಮನೆ ಮುಟ್ಟುವವರೆಗೂ ಅದನ್ನು ಹಿಡಿದುಕೊಂಡೇ ಅವರ ಹಿಂದೆ ಕೂತಿದ್ದೆ.